ನೆಳ್ಳುದಾರಿ ಮತ್ತು ಕೆಂಚನ ಹಗ್ಗ

ಎಲ್ಲವೂ ಎಂದಿನಂತೆ ಇದ್ದ ಕೊನೆಯ ದಿನ ಅಪ್ಪ ಬ್ಯಾರನ್ನಿನ ಬೆಂಕಿ ಆರಿಸಿ ಮನೆಗೆ ಬಂದಿದ್ದ. ಬ್ಯಾರನ್ ಎಂದರೆ ನಮ್ಮ ಕಡೆ ಹೊಗೆಸೊಪ್ಪು ಬೇಯಿಸುವ ಎತ್ತರದ ಗೋಡೆಯ ಮನೆ. ಸೊಪ್ಪು ಒಳಗೆ ತೂಗುಹಾಕಿದ ಮೇಲೆ ಹಗಲು ರಾತ್ರಿ ಸೌದೆ ಒಟ್ಟುತ್ತ ಯಾರಾದರೂ ಅದರ ಮುಂದೆಯೇ ಇರಬೇಕು. ಶಾಖ ಹೆಚ್ಚಾದರೂ ಕೆಡುತ್ತದೆ, ಇಳಿದರೂ ಕೆಡುತ್ತದೆ. ಹಾಗಾಗಿ ಸೊಪ್ಪಿನ ಕಾಲ ಬಂತೆಂದರೆ ಅಪ್ಪ ಮನೆಯವನಾಗಿರುತ್ತಿರಲಿಲ್ಲ. ಹೊಲದಲ್ಲೇ ಮಲಗಿ, ಅವ್ವ ಕೊಟ್ಟು ಕಳಿಸಿದ ಬುತ್ತಿ ಉಂಡು, ಕೆಂಪು ಕಣ್ಣು ಮಾಡಿಕೊಂಡು ವಾರಕ್ಕೊಮ್ಮೆ ಸ್ನಾನಕ್ಕೆ ಬರುತ್ತಿದ್ದ. ಅವ್ವ ಮನೆಯ ಮುಂದಿನ ಚಪ್ಪರದಡಿ ಕೂತು ಹಸಿ ಸೊಪ್ಪನ್ನು ಕೋಲಿಗೆ ಕಟ್ಟುತ್ತಿದ್ದಳು. ಸೊಪ್ಪಿನ ಅಂಟು ಕೈಗೆ ಹತ್ತಿ ಕಪ್ಪಗೆ ಗಟ್ಟಿಯಾಗುತ್ತಿತ್ತು. ಹುಣಸೆಹಣ್ಣು ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಆ ದಿನಗಳಲ್ಲಿ ಅವ್ವ ತಟ್ಟಿದ ರೊಟ್ಟಿ, ಕಟ್ಟಿದ ಮುದ್ದೆ ಎಲ್ಲಕ್ಕೂ ಸಣ್ಣದೊಂದು ಕಹಿ ಇರುತ್ತಿತ್ತು. ನಾನು ಮುಖ ಸಿಂಡರಿಸಿದರೆ ಅಜ್ಜಿ, ಅಂದರೆ ಅಪ್ಪನ ತಾಯಿ, ಬೈಯುತ್ತಿದ್ದಳು. ಆ ಕಹಿಗೆ ತಕರಾರು ಮಾಡದೆ ಉಣ್ಣುತ್ತಿದ್ದವನು ನಮ್ಮ ಮನೆಯಲ್ಲಿ ಕೆಂಚ ಒಬ್ಬನೇ.

ಕೆಂಚ ನಮ್ಮ ನಾಯಿ. ಕೆಂಪು ಮೈ, ಒಂದು ಕಿವಿಯ ತುದಿ ಸೀಳಿತ್ತು. ಊರಿನಲ್ಲಿ ಬೇರೆ ನಾಯಿಗಳು ಬೀದಿಯಲ್ಲಿ ತಿರುಗಿಕೊಂಡಿದ್ದವು, ಚಿರತೆ ಒಂದೊಂದನ್ನೇ ಒಯ್ಯುತ್ತಿತ್ತು. ನಮ್ಮದು ಹಾಗಲ್ಲ. ಅದು ಹಗ್ಗದ ನಾಯಿ. ಅಂತರಸಂತೆಯ ಕಡೆ, ಕಾಡಿನ ಅಂಚಿಗೆ ಅಂಟಿಕೊಂಡ ನಮ್ಮ ಊರಿನಿಂದ ಬಸ್ಸಿನ ರೋಡಿಗೆ ಹೋಗಲು ಇದ್ದದ್ದು ಒಂದು ಹಳೆಯ ಗಾಡಿಜಾಡು. ಎರಡೂ ಕಡೆ ಮತ್ತಿ, ಹೊನ್ನೆ, ಬಿದಿರು ಬೆಳೆದು ಮೇಲೆ ಕೂಡಿಕೊಂಡು ನಡುಹಗಲಲ್ಲೂ ಬಿಸಿಲು ಬೀಳದ ದಾರಿ. ಅದನ್ನು ಊರವರು ನೆಳ್ಳುದಾರಿ ಅನ್ನುತ್ತಿದ್ದರು. ಜೀಪು ಹೋಗುವ ಸುತ್ತುದಾರಿ ಬೇರೆ ಇತ್ತು, ಆದರೆ ನಡೆಯುವವರಿಗೆ ಅದು ತೀರಾ ದೂರ. ನೆಳ್ಳುದಾರಿಯಲ್ಲಿ ನಾಯಿ ಮುಂದೆ, ಹಗ್ಗ ಹಿಡಿದವರು ಹಿಂದೆ, ಮಕ್ಕಳು ಅವರ ಹಿಂದೆ. ನಾಯಿ ಕಿವಿ ನಿಗುರಿಸಿದರೆ ಜಿಂಕೆ, ಹಂದಿ, ಚಿಂತೆಯಿಲ್ಲ. ಬೆನ್ನ ಮೇಲಿನ ಕೂದಲು ಎದ್ದರೆ ಚಿರತೆ. ಬಾಲ ಮುದುರಿಕೊಂಡು ಹಿಂದಕ್ಕೆ ಬಂದು ಕಾಲಿಗೆ ಒತ್ತಿ ನಿಂತರೆ ಆನೆ. ಆ ಹೆಸರನ್ನು ದಾರಿಯಲ್ಲಿ ಎತ್ತುವಂತಿಲ್ಲ, ದೊಡ್ಡದು ಅನ್ನಬೇಕು.

ನಾಯಿಯನ್ನು ಅಲ್ಲಿ ಬಿಡಬಾರದು ಎಂಬುದಕ್ಕೆ ಕಾರಣವಿತ್ತು. ಬಿಟ್ಟ ನಾಯಿ ಆನೆಯನ್ನು ಕಂಡರೆ ಬೊಗಳುತ್ತದೆ. ಆನೆಗೆ ನಾಯಿಯ ದನಿ ಆಗುವುದಿಲ್ಲ, ಅಟ್ಟಿಸಿಕೊಂಡು ಬರುತ್ತದೆ. ನಾಯಿ ಹೆದರಿ ಯಜಮಾನನ ಹತ್ತಿರಕ್ಕೇ ಓಡಿ ಬರುತ್ತದೆ, ಅದರ ಹಿಂದೆ ಆನೆ. ಇದನ್ನು ನಮ್ಮೂರಿನ ಮಕ್ಕಳು ಅಕ್ಷರಕ್ಕಿಂತ ಮೊದಲು ಕಲಿಯುತ್ತಿದ್ದರು. ಅದಕ್ಕೇ ಹಗ್ಗ ಹಿಡಿಯುವವರೇ ದಿನಾ ನಾಯಿಗೆ ಮೊದಲ ತುತ್ತು ಹಾಕಬೇಕು ಎಂಬ ಪದ್ಧತಿ ಇತ್ತು. ತಾನು ಉಣ್ಣುವ ಮೊದಲು ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಕೈಯಿಂದಲೇ ಕೊಡಬೇಕು. ನಾಯಿಗೆ ತನ್ನ ಯಜಮಾನ ಯಾರು ಎಂಬುದರಲ್ಲಿ ಅನುಮಾನ ಇರಬಾರದು. ಕೆಂಚ ಮರಿಯಾಗಿದ್ದಾಗಿನಿಂದ ಅಪ್ಪ ಹಾಗೇ ಮಾಡಿದ್ದ. ಸೊಪ್ಪಿನ ಕಾಲದಲ್ಲಿ ಮಾತ್ರ ಅದು ತಪ್ಪುತ್ತಿತ್ತು. ಅಪ್ಪ ಹೊಲದಲ್ಲಿರುತ್ತಿದ್ದ, ತುತ್ತು ಅವ್ವನ ಕೈಯದಾಗುತ್ತಿತ್ತು.

ಅಂದು ಸಂಜೆ ಎಲ್ಲರೂ ಅಡಿಗೆಮನೆಯಲ್ಲಿ ಊಟಕ್ಕೆ ಕೂತೆವು. ಮಾರನೆಯ ದಿನ ಹುಣಸೂರಿನಲ್ಲಿ ನನಗೆ ಒಂದು ವಸತಿ ಶಾಲೆಯ ಪರೀಕ್ಷೆ ಇತ್ತು. ಆ ವರ್ಷ ಅದು ಮುಂದಕ್ಕೆ ಹೋಗಿ ಹೋಗಿ ಸೊಪ್ಪಿನ ಕಾಲಕ್ಕೆ ಬಂದು ನಿಂತಿತ್ತು. ನಾನು ಅದಕ್ಕೆ ಕೂರಲೇಬೇಕು ಎಂದು ಹಟ ಹಿಡಿದಿದ್ದವಳು ಅವ್ವ. ಅವಳು ಮೂರನೆಯ ತರಗತಿಗೇ ಶಾಲೆ ಬಿಟ್ಟವಳು. ಅಪ್ಪ ತಟ್ಟೆಯಿಂದ ಮುದ್ದೆ ಮುರಿದು ಹೊಸ್ತಿಲಿನ ಕಡೆ ಕೈ ಚಾಚಿದ. ಕೆಂಚ ಹೊಸ್ತಿಲ ಆಚೆ ಕೂತಿತ್ತು. ಅದು ಅಪ್ಪನ ಕೈ ನೋಡಿತು, ಅವ್ವನ ಮುಖ ನೋಡಿತು, ಏಳಲಿಲ್ಲ.

"ಬಾರ್ಲಾ ಕೆಂಚ. ಯಾಕ್ಲಾ, ಮರ್ತೋದಾ ನನ್ನ?" ಎಂದ ಅಪ್ಪ.

"ನಾಯಿ ನಿಂದಲ್ಲ ಕಣ್ಲಾ ಈಗ, ಸೊಸೇದು," ಎಂದಳು ಅಜ್ಜಿ. "ಇಷ್ಟು ದಿನ ಹಾಕಿದ್ದು ಅವ್ಳಲ್ವಾ? ನೀನು ಬ್ಯಾರನ್ನಿಗೆ ತುತ್ತು ಹಾಕೊಂಡು ಕೂತಿದ್ದೆ."

ಅವ್ವ ನಕ್ಕಳು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುವುದು ಅವಳ ರೀತಿ.

"ನಾಯಿಗೂ ನಿಮ್ ಹೊಗೆ ವಾಸನೆ ಆಗ್ದು. ನಾನೇ ತಡಕೊಂಡಿವ್ನಿ ಅಷ್ಟೇ."

"ನಗಮ್ಮಿ, ನಗು. ಹಗ್ಗ ಕೈಗ್ ತಕೊಂಡ್ರೆ ತಾನಾಗೇ ಬತ್ತದೆ ಅದು," ಎಂದ ಅಪ್ಪ.

"ಹಗ್ಗಕ್ಕೆ ಬತ್ತದೆ. ನಿನಗೆ ಬತ್ತದಾ, ಅದ ನೋಡು," ಎಂದು ಅಜ್ಜಿ ಬಿಡಲಿಲ್ಲ. "ನಾಳಿಕೆ ಕೂಸ ಕರ್ಕೊಂಡು ಹೋಗೋನು. ಎಲ್ಡು ದಿನ ತುತ್ತು ಹಾಕಿ ಆಮೇಲೆ ಹೋಗು ಅಂದ್ರೆ ಕೇಳೀಯಾ?"

"ಪರೀಕ್ಸೆ ನಮಗೋಸ್ಕರ ಕಾದದಾ? ಸುಮ್ಕಿರವ್ವ."

ಅವ್ವ ಹೊಸ್ತಿಲ ಮೇಲೆ ಕೈಯೂರಿ ಬಾಗಿ, ಅಪ್ಪನ ಕೈಯಲ್ಲಿದ್ದ ಆ ತುತ್ತನ್ನೇ ತಗೊಂಡು ಕೆಂಚನಿಗೆ ಕೊಟ್ಟಳು. ಅದು ತಿಂದಿತು. ಅಪ್ಪನೂ ನಕ್ಕ. ನಮ್ಮ ಮನೆಯಲ್ಲಿ ನಾಲ್ವರೂ ಒಟ್ಟಿಗೆ ನಕ್ಕ ಕೊನೆಯ ಊಟ ಅದು.

ಬೆಳಿಗ್ಗೆ ಹೊರಡುವಾಗ ಬಾಗಿಲ ಪಕ್ಕದ ಮೊಳೆಯಿಂದ ಅಪ್ಪ ಹಗ್ಗ ತೆಗೆದ. ಕತ್ತಾಳೆ ನಾರಿನಲ್ಲಿ ತಾನೇ ಹೊಸೆದ ಹಗ್ಗ. ಹಿಡಿದು ಹಿಡಿದು ನುಣ್ಣಗಾಗಿತ್ತು. ಅವ್ವ ನನ್ನ ಕಾಲಿನ ಗೆಜ್ಜೆ ಬಿಚ್ಚಿ ಅದೇ ಮೊಳೆಗೆ ಹಾಕಿದಳು. ನೆಳ್ಳುದಾರಿಗೆ ಇಳಿಯುವ ದಿನಗಳಲ್ಲಿ ಹಾಗೇ, ಹಗ್ಗ ಮೊಳೆಯಿಂದ ಇಳಿಯುತ್ತಿತ್ತು, ಗೆಜ್ಜೆ ಏರುತ್ತಿತ್ತು. ಕೆಂಚನ ಕೊರಳಿಗೆ ಹಗ್ಗದ ಕುಣಿಕೆ ಹಾಕಿಕೊಟ್ಟವಳೂ ಅವ್ವನೇ. ಹಾಲ್ ಟಿಕೆಟ್ಟು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ನನ್ನ ಚೀಲಕ್ಕಿಟ್ಟು, ಚೀಲವನ್ನು ಎರಡು ಸಲ ಮುಟ್ಟಿ ನೋಡಿದಳು.

"ಗೊತ್ತಿಲ್ದಿರೋದ ಬುಟ್ಬುಡು, ಗೊತ್ತಿರೋದ ಮೊದ್ಲು ಬರಿ," ಎಂದಳು. "ಅರ್ಧಕ್ಕೆ ಎದ್ದು ಬರಬ್ಯಾಡ. ಗಂಟೆ ಹೊಡೆಯೋಗಂಟ ಕೂತಿರು, ಕೂಸೇ."

ಆಮೇಲೆ ಚಪ್ಪರದಡಿ ಹೋಗಿ ಸೊಪ್ಪಿನ ರಾಶಿಯ ಮುಂದೆ ಕೂತಳು. ತಿರುವಿನಲ್ಲಿ ನಾನು ಹಿಂದಿರುಗಿ ನೋಡಿದಾಗ ಅವಳ ಕೈ ಕೆಲಸದಲ್ಲಿತ್ತು.

ನೆಳ್ಳುದಾರಿಗೆ ಕಾಲಿಟ್ಟ ಕೂಡಲೇ ಚಪ್ಪಲಿ ಬಿಚ್ಚಿ ಕೈಗೆ ತಗೊಳ್ಳಬೇಕು. ಹವಾಯಿ ಚಪ್ಪಲಿಯ ಸದ್ದು ಕಾಡಿನಲ್ಲಿ ಬಹಳ ದೂರ ಹೋಗುತ್ತದೆ. ಹಿಂದಿನ ರಾತ್ರಿಯ ಹನಿ ಇನ್ನೂ ಎಲೆಗಳಿಂದ ತೊಟ್ಟಿಕ್ಕುತ್ತಿತ್ತು. ಬಿಸಿಲಿನಿಂದ ಒಳಗೆ ಬಂದ ಕಣ್ಣಿಗೆ ಸ್ವಲ್ಪ ಹೊತ್ತು ಏನೂ ಕಾಣುತ್ತಿರಲಿಲ್ಲ, ಕೆಂಚನ ಕೆಂಪು ಬೆನ್ನು ಮಾತ್ರ ಅತ್ತಿತ್ತ ಆಡುವುದು ಕಾಣುತ್ತಿತ್ತು. ನಾನು ಅಪ್ಪನ ಟವೆಲ್ಲಿನ ತುದಿ ಹಿಡಿದುಕೊಂಡಿದ್ದೆ. ಮಾತಿಲ್ಲ. ಕೆಂಚ ನಿಂತರೆ ಅಪ್ಪ ನಿಲ್ಲುತ್ತಿದ್ದ, ಅಪ್ಪ ನಿಂತರೆ ಟವೆಲ್ಲು ಸಡಿಲವಾಗುತ್ತಿತ್ತು, ನಾನು ನಿಲ್ಲುತ್ತಿದ್ದೆ. ಮೊದಲ ಸಲ ನಿಂತಾಗ ಕಿವಿ ನಿಗುರಿತು. ಪೊದೆಯೊಳಗೆ ಏನೋ ಸಣ್ಣದು ಓಡಿತು. ಮತ್ತೆ ನಡೆದೆವು. ದಾರಿಯ ನಡುವೆ ಬಿದಿರು ಮುರಿದು ಬಿದ್ದಿತ್ತು, ಮುರಿದ ಜಾಗ ಇನ್ನೂ ಒದ್ದೆಯಾಗಿ ಬೆಳ್ಳಗಿತ್ತು. ಅಪ್ಪ ಅದನ್ನು ನೋಡಿದ, ನನ್ನ ಕಡೆ ನೋಡಲಿಲ್ಲ. ಹೆಜ್ಜೆ ಮಾತ್ರ ನಿಧಾನವಾಯಿತು.

ಅರ್ಧ ದಾರಿ ದಾಟಿದ ಮೇಲೆ ಒಂದು ದೊಡ್ಡ ಆಲದ ಮರ ಬರುತ್ತದೆ. ಅಲ್ಲಿ ಕೆಂಚ ನಿಂತಿತು. ಬಾಲ ಮುದುರಿತು. ಹಿಂದಕ್ಕೆ ಬಂದು ಅಪ್ಪನ ಮೊಣಕಾಲಿಗೆ ಒತ್ತಿಕೊಂಡಿತು. ಕೊಳೆತ ಹುಲ್ಲಿನಂಥ ವಾಸನೆ ಬಂತು. ಆಮೇಲೆ ನಮ್ಮ ಹಿಂದಿನಿಂದ, ಈಗ ತಾನೆ ನಡೆದು ಬಂದ ಕಡೆಯಿಂದಲೇ, ಬಿದಿರು ಸರಿಯುವ ಸದ್ದು. ತಿರುಗಿ ನೋಡಿದರೆ ದಾರಿಯ ಮೇಲೆ ಅದು ಬಂದು ನಿಂತಿತ್ತು. ಒಂಟಿ ಸಲಗ. ದಾರಿಯ ಅಗಲವೆಲ್ಲ ಅದೇ. ಗಾಳಿ ನಮ್ಮಿಂದ ಅದರ ಕಡೆಗೆ ತಿರುಗಿರಬೇಕು, ಸೊಂಡಿಲು ಎತ್ತಿ ಮೂಸಿತು. ಕಿವಿ ಅಗಲವಾದವು.

ಅಪ್ಪ ಮಾಡಿದ್ದನ್ನು ನಾನು ಆಗ ನೋಡಿದೆ, ಅರ್ಥವಾದದ್ದು ಬೆಳೆದ ಮೇಲೆ. ಅವನು ಕೂತು ಕೆಂಚನ ಕೊರಳಿನ ಕುಣಿಕೆ ಬಿಚ್ಚಿದ. ಯಾವುದನ್ನು ಎಂದೂ ಮಾಡಬಾರದು ಎಂದು ನನಗೆ ಹೇಳಿಕೊಟ್ಟಿದ್ದನೋ ಅದನ್ನೇ. ನಾಯಿ ಬೊಗಳಿದರೆ ಆನೆ ನನ್ನನ್ನು ಬಿಟ್ಟು ನಾಯಿಯ ಕಡೆ ತಿರುಗುತ್ತದೆ. ನಾಯಿ ಆನೆಯನ್ನು ಎಳೆದುಕೊಂಡು ಯಜಮಾನನಾದ ಅಪ್ಪನ ಹತ್ತಿರ ಬರುತ್ತದೆ, ಅಷ್ಟರಲ್ಲಿ ನಾನು ರೋಡು ಮುಟ್ಟಿರುತ್ತೇನೆ, ಅವನು ಆಲದ ಬಿಳಲು ಹಿಡಿದು ಹತ್ತಿದರಾಯಿತು, ಹತ್ತಲಾಗದಿದ್ದರೆ ಆದದ್ದಾಗಲಿ. ಅವನ ಲೆಕ್ಕ ಇದು. ನನ್ನ ಕಿವಿಯ ಹತ್ತಿರ ಬಾಯಿ ತಂದ.

"ಓಡ್ಬ್ಯಾಡ. ನಡಿ. ರೋಡಲ್ಲಿ ನಿಂತ್ಕೊ. ಏನ್ ಸದ್ದು ಕೇಳುದ್ರೂವೆ ತಿರುಗ್ಬ್ಯಾಡ."

"ನೀನು?"

"ಕೆಂಚ ಬತ್ತನಲ್ಲ, ಕರ್ಕೊಂಡು ಬತ್ತೀನಿ."

ನಾನು ನಡೆದೆ. ಹಿಂದೆ ಕೆಂಚ ಬೊಗಳಿತು. ಆನೆ ಘೀಳಿಟ್ಟಿತು, ಆ ಸದ್ದಿಗೆ ನನ್ನ ಅಂಗಾಲಿನ ಮಣ್ಣು ಅಲುಗಿದಂತಾಯಿತು. ಪೊದೆಗಳು ಮುರಿದವು. ನಾನು ತಿರುಗಲಿಲ್ಲ. ಬೊಗಳುವ ದನಿ ಒಂದು ಸುತ್ತು ಹಾಕಿತು, ಹತ್ತಿರ ಬಂತು, ಮತ್ತೆ ದೂರವಾಯಿತು, ಇನ್ನೂ ದೂರವಾಯಿತು, ಕೊನೆಗೆ ಕೇಳಿಸಲಿಲ್ಲ. ಬಿಸಿಲು ಕಾಲಿಗೆ ತಾಗಿದಾಗ ರೋಡು ಬಂದಿದೆ ಎಂದು ಗೊತ್ತಾಯಿತು. ಒಂದು ಕೈಯಲ್ಲಿ ಚಪ್ಪಲಿ, ಒಂದು ಕೈಯಲ್ಲಿ ಚೀಲ ಹಿಡಿದು ಮೋರಿಯ ಕಟ್ಟೆಯ ಪಕ್ಕ ನಿಂತೆ. ಆ ದಾರಿಯ ಬಾಯಿ ನನ್ನ ಬೆನ್ನಿಗಿತ್ತು. ಈಗಲೂ ಯಾವುದಾದರೂ ಆಸ್ಪತ್ರೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಯಾರಿಗಾದರೂ ಕಾಯುವಾಗ ನಾನು ಹಾಗೇ ಅವರು ಬರುವ ಕಡೆಗೆ ಬೆನ್ನು ಮಾಡಿ ನಿಲ್ಲುತ್ತೇನೆ. ನನ್ನ ಗಂಡ ಎಷ್ಟೋ ಸಲ ಕೇಳಿದ್ದಾರೆ, ಯಾಕೆ ಎಂದು.

ಅಪ್ಪ ಬಂದ. ಮೈಯೆಲ್ಲ ತರಚಿತ್ತು, ಅಂಗಿಯ ತೋಳು ಹರಿದಿತ್ತು. ಕೈಯಲ್ಲಿ ಹಗ್ಗ, ಅದರ ತುದಿಯಲ್ಲಿ ಬರೀ ಕುಣಿಕೆ.

"ಕೆಂಚ ಎಲ್ಲಿ ಅಪ್ಪ?"

"ಬರ್ಲಿಲ್ಲ," ಎಂದ. ಕೈಯಲ್ಲಿದ್ದ ಕುಣಿಕೆ ನೋಡಿ ಮತ್ತೆ, "ನನ್ ತಾವ ಬರ್ಲೇ ಇಲ್ವಲ್ಲ ಅದು," ಎಂದ. ನನಗೆ ಹೇಳಿದ್ದಲ್ಲ ಅದು.

ಜೇಬಿನಿಂದ ಮೊಬೈಲು ತೆಗೆದು ಕೈ ಮೇಲೆತ್ತಿ ಹಿಡಿದ. ಆ ರೋಡಿನಲ್ಲಿ ಸಿಗ್ನಲ್ ಸಿಗುತ್ತಿರಲಿಲ್ಲ. ಹುಣಸೂರಿನ ಬಸ್ಸು ಬಂತು. ಅಪ್ಪ ನನ್ನನ್ನು ಹತ್ತಿಸಿ, ತಾನು ಒಂದು ಕಾಲು ಮೆಟ್ಟಿಲ ಮೇಲಿಟ್ಟು ನಿಂತ. ಮರಗಳ ಕಡೆ ನೋಡುತ್ತಿದ್ದ. ಆನೆ ಆ ದಾರಿಯಲ್ಲೇ ಎಲ್ಲೋ ಇತ್ತು, ನನ್ನನ್ನು ಕರೆದುಕೊಂಡು ವಾಪಸು ಹೋಗುವಂತಿರಲಿಲ್ಲ. ನನ್ನನ್ನೊಬ್ಬಳನ್ನೇ ಕಳಿಸುವಂತೆಯೂ ಇರಲಿಲ್ಲ.

"ಏನ್ ಗೌಡ್ರೇ, ಬತ್ತೀರೋ ಇಲ್ಲೇ ಮನೆ ಕಟ್ತೀರೋ?" ಎಂದ ಕಂಡಕ್ಟರ್.

ಅಪ್ಪ ಹತ್ತಿದ. ದಾರಿಯುದ್ದಕ್ಕೂ ಮೊಬೈಲು ನೋಡುತ್ತಲೇ ಇದ್ದ. ಹುಣಸೂರು ಹತ್ತಿರವಾದಾಗ ಪಕ್ಕದ ಮನೆಯ ಸಾಕಮ್ಮನಿಗೆ ಫೋನ್ ಮಾಡಿದ. ನಮ್ಮ ಕಡೆ ಆಗ ಫೋನ್ ಇದ್ದದ್ದು ನಮ್ಮ ಮನೆ, ಅವಳ ಮನೆ ಎರಡರಲ್ಲೇ. ರಿಂಗಾಯಿತು, ಯಾರೂ ಎತ್ತಲಿಲ್ಲ. ಹೊಲಕ್ಕೆ ಹೋಗಿರ್ತಾಳೆ ಎಂದ. ಶಾಲೆಯ ಗೇಟಿನಲ್ಲಿ ನನ್ನ ಕೂದಲಿನಿಂದ ಒಂದು ಒಣ ಎಲೆ ತೆಗೆದು ಒಳಗೆ ಕಳಿಸಿದ.

ನಾನು ಬರೆದೆ. ಗೊತ್ತಿರುವುದನ್ನು ಮೊದಲು ಬರೆದೆ, ಗೊತ್ತಿಲ್ಲದ್ದನ್ನು ಬಿಟ್ಟೆ. ಬೇಗ ಮುಗಿದರೂ ಗಂಟೆ ಹೊಡೆಯುವ ತನಕ ಕೂತಿದ್ದೆ. ಹೊರಗೆ ಬಂದಾಗ ಅಪ್ಪ ಕಾಂಪೌಂಡಿನ ಪಕ್ಕ ಹೊಂಗೆ ಮರದಡಿ ಕೂತಿದ್ದ. ಹಗ್ಗ ತೊಡೆಯ ಮೇಲಿತ್ತು. ಅದರ ಒಂದು ತುದಿಯ ಹೊಸೆತವನ್ನು ಪೂರಾ ಬಿಚ್ಚಿ ನಾರು ನಾರು ಮಾಡಿದ್ದ.

"ಎಂಗ್ ಬರ್ದೆ, ಕೂಸೇ?"

"ಚೆನ್ನಾಗ್ ಬರ್ದೆ. ಲೆಕ್ಕದಲ್ಲಿ ಒಂದು ಬರ್ಲಿಲ್ಲ."

"ಗಂಟೆ ಹೊಡೆಯೋಗಂಟ ಕೂತಿದ್ದಾ?"

"ಊಂ. ಕೆಂಚ ಸಿಕ್ತಂತಾ? ಸಾಕಮ್ಮತ್ತೆ ಫೋನ್ ಎತ್ತಿದ್ರಾ?"

"ಬಾ, ಏನಾರ ತಿನ್ನು ಮೊದ್ಲು."

ಹೋಟೆಲಿನಲ್ಲಿ ನನಗೆ ದೋಸೆ ತರಿಸಿದ. ತಾನೇನೂ ತರಿಸಿಕೊಳ್ಳಲಿಲ್ಲ. ನಾನು ತಿನ್ನುವುದನ್ನೇ ನೋಡುತ್ತ ಕೂತಿದ್ದ. ನಾನು ಅವ್ವನಿಗೂ ಒಂದು ಕಟ್ಟಿಸಿಕೊಂಡು ಹೋಗೋಣ ಎಂದೆ. ಅಪ್ಪ ಎದ್ದು ಹೋಗಿ ಕಟ್ಟಿಸಿಕೊಂಡು ಬಂದ. ಆ ಪೊಟ್ಟಣ ಬಸ್ಸಿನಲ್ಲಿ ನನ್ನ ಮಡಿಲಲ್ಲಿ ಬೆಚ್ಚಗಿತ್ತು.

ರೋಡಿನಲ್ಲಿ ಇಳಿದಾಗ ನಮ್ಮೂರಿನ ಜೀಪು ನಿಂತಿತ್ತು, ಊರಿನ ಗಂಡಸರು ಅದರ ಸುತ್ತ. ಒಬ್ಬರು ಬಂದು ನನ್ನ ಚೀಲ ತಗೊಂಡರು. ದೊಡ್ಡವರು ನನ್ನ ಚೀಲ ಹೊತ್ತದ್ದು ಅದೇ ಮೊದಲು. ಆಗ ಅಪ್ಪ ರೋಡಿನ ಮೇಲೆಯೇ ಕುಕ್ಕರುಗಾಲಲ್ಲಿ ಕೂತು, ನನ್ನ ಎರಡೂ ಕೈ ಹಿಡಿದು ಹೇಳಿದ.

"ಅವ್ವ ಇಲ್ಲ ಕಣೇ, ಕೂಸೇ. ದೊಡ್ಡದು ಮನೆ ತಾವ ಹೋಗ್ಬುಡ್ತು."

ನಡೆದದ್ದನ್ನು ಕಂಡವಳು ಸಾಕಮ್ಮ. ಅವಳು ನನಗೆ ಹೇಳಿದ್ದು ನಾನು ದೊಡ್ಡವಳಾದ ಮೇಲೆ. ಅಜ್ಜಿ ಹಿತ್ತಲಲ್ಲಿದ್ದಳಂತೆ. ಕೆಂಚ ನೆಳ್ಳುದಾರಿಯಿಂದ ಬಾಣದಂತೆ ಬಂತು. ಎಲ್ಲೂ ನಿಲ್ಲಲಿಲ್ಲ. ನೇರ ಚಪ್ಪರದಡಿ ನುಗ್ಗಿ ಅವ್ವನ ಸೀರೆಯ ಹಿಂದೆ ಸೇರಿಕೊಂಡಿತು. ಅವ್ವ ಸೊಪ್ಪು ಕೈಯಲ್ಲಿ ಹಿಡಿದೇ ತಿರುಗಿ, ಕೊರಳಲ್ಲಿ ಹಗ್ಗವಿಲ್ಲದ್ದನ್ನು ನೋಡಿ, "ಕೂಸೆಲ್ಲೋ, ಕೆಂಚ?" ಎಂದಳಂತೆ. ಎದ್ದು ಒಳಕ್ಕೆ ಓಡಬಹುದಿತ್ತು ಎಂದಳು ಸಾಕಮ್ಮ. ಓಡಲಿಲ್ಲ. ದಾರಿಯ ಕಡೆಗೆ ಎರಡು ಹೆಜ್ಜೆ ಇಟ್ಟಳು, ನಮ್ಮನ್ನು ಹುಡುಕಲು. ಆನೆ ಆ ಹೊತ್ತಿಗೆ ತಿರುವಿಗೆ ಬಂದಿತ್ತು.

ಆಮೇಲೆ ಅಪ್ಪನಿಗೆ ಫೋನ್ ಮಾಡಿದ್ದೂ ಸಾಕಮ್ಮನೇ. ನಾನು ಒಳಗೆ ಬರೆಯುತ್ತಿದ್ದೆ.

"ನಿಮ್ಮಪ್ಪನಿಗೆ ಎಲ್ಲಾನೂ ಹೇಳ್ದೆ ಕಣವ್ವ," ಎಂದಳು. "ಪೂರಾ ಕೇಳ್ಕಂಡು, 'ಕೂಸು ಒಳಗೆ ಬರೀತಾ ಅದೆ, ಗಂಟೆ ಹೊಡೀಲಿ, ಬತ್ತೀವಿ' ಅಂದ. ಅಷ್ಟೇ."

ನನಗೆ ಸೀಟು ಸಿಕ್ಕಿತು. ಅಪ್ಪ ನನ್ನನ್ನು ಹುಣಸೂರಿನ ಆ ಶಾಲೆಗೆ ಬಿಟ್ಟುಬಂದ, ರಜೆಗೆ ಬಂದಾಗಲೆಲ್ಲ ಸುತ್ತುದಾರಿಯಲ್ಲಿ ಜೀಪಿನಲ್ಲೇ ಕರೆದುಕೊಂಡು ಹೋದ. ಮತ್ತೆ ನೆಳ್ಳುದಾರಿಗೆ ಕಾಲಿಡಲಿಲ್ಲ, ಮತ್ತೆ ನಾಯಿ ಸಾಕಲಿಲ್ಲ. ಕೆಂಚ ಆ ದಿನ ಚಪ್ಪರದಡಿಯಿಂದ ಓಡಿದ್ದು, ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಮನೆಯಲ್ಲಿ ಊಟಕ್ಕೆ ಕೂತಾಗ ಅಪ್ಪ ಮೊದಲ ತುತ್ತು ಮುರಿದು ತಟ್ಟೆಯ ಅಂಚಿಗೆ ಇಡುತ್ತಿದ್ದ. ಉಂಡಾದ ಮೇಲೆ ಅದನ್ನು ಎತ್ತಿಕೊಂಡು ಹೋಗಿ ಚಪ್ಪರ ಇದ್ದ ಜಾಗದಲ್ಲಿ ಇಟ್ಟು ಬರುತ್ತಿದ್ದ. ಕಾಗೆ ತಿನ್ನುತ್ತಿತ್ತು, ಕೋಳಿ ತಿನ್ನುತ್ತಿತ್ತು. ಒಂದು ರಜೆಯಲ್ಲಿ ಅಜ್ಜಿ ಅದನ್ನು ನೋಡಿ ನೋಡಿ ತಡೆಯಲಾರದೆ ಹೇಳಿಬಿಟ್ಟಳು.

"ಅವತ್ತೇ ಅಂದಿದ್ನಲ್ಲಾ, ನಾಯಿ ಅವ್ಳದ್ದು ಅಂತವಾ."

ಅಪ್ಪ ಕೈ ತೊಳೆಯದೆ ಎದ್ದು ಹೋದ. ಅಜ್ಜಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಅವಳು ಸಾಯುವ ತನಕ ಅವರಿಬ್ಬರೂ ಒಟ್ಟಿಗೆ ಊಟಕ್ಕೆ ಕೂರಲಿಲ್ಲ. ನಾನು ಇಬ್ಬರಿಗೂ ಬೇರೆ ಬೇರೆ ಬಡಿಸಿ, ಬೇರೆ ಬೇರೆ ತಟ್ಟೆ ಎತ್ತುವುದನ್ನು ಕಲಿತೆ. ಯಾರನ್ನೂ ಏನೂ ಕೇಳದೆ ಇರುವುದನ್ನು ಕಲಿತೆ. ರಾವಂದೂರಿನ ಹತ್ತಿರ ನನ್ನ ಮದುವೆಯಾಗಿ, ಅಂಗನವಾಡಿಯಲ್ಲಿ ಕೆಲಸ ಸಿಕ್ಕಿ, ನನ್ನ ಮಕ್ಕಳು ಶಾಲೆಗೆ ಹೋಗುವಂತಾದ ಮೇಲೂ ನಾನು ಮನೆಯೊಳಗೆ ಸದ್ದಿಲ್ಲದೆ ನಡೆಯುತ್ತೇನೆ ಎಂದು ಅತ್ತೆ ಬೆಚ್ಚಿಬೀಳುತ್ತಾರೆ.

ಅಪ್ಪ ಹೋಗಿ ಈಗ ಕೆಲವು ತಿಂಗಳಾಯಿತು. ತಿಥಿ ಮುಗಿದ ಮಾರನೆಯ ಬೆಳಿಗ್ಗೆ ನಾನು ಒಬ್ಬಳೇ ರೋಡಿನ ಕಡೆಯಿಂದ ನೆಳ್ಳುದಾರಿಯ ಬಾಯಿಗೆ ಹೋಗಿದ್ದೆ. ಈಗ ಅಲ್ಲಿ ಒಂದು ರೆಸಾರ್ಟು ಇದೆ. ಆ ಕಡೆಯ ಸ್ವಲ್ಪ ದಾರಿಗೆ ಬೇಲಿ ಕಟ್ಟಿ, ಕಲ್ಲು ಹಾಸಿ, ಮರಗಳಿಗೆ ಹೆಸರಿನ ಫಲಕ ಹೊಡೆದು ನಿಸರ್ಗ ನಡಿಗೆ ಎಂದು ಬೋರ್ಡು ಹಾಕಿದ್ದಾರೆ. ಅಲ್ಲಿಂದ ಹೊರಗೆ ಬರುತ್ತಿದ್ದ ಒಬ್ಬ ಹೆಂಗಸಿನ ಕೈಯಲ್ಲಿ ಬಣ್ಣದ ಪಟ್ಟಿ ಇತ್ತು, ಪಟ್ಟಿಯ ತುದಿಯಲ್ಲಿ ಬಿಳಿಯ ನಾಯಿ. ಅದು ನನ್ನ ಕಾಲು ಮೂಸಿತು.

"ಹೆದ್ರಿಕೋಬೇಡಿ, ಏನೂ ಮಾಡಲ್ಲ," ಎಂದರು ಆಕೆ.

"ಇದಕ್ಕೆ ಊಟ ಯಾರು ಹಾಕ್ತಾರೆ?" ಎಂದು ಕೇಳಿದೆ.

"ನಮ್ಮನೆ ಕೆಲಸದವ್ರು. ಯಾಕೆ?"

"ಏನಿಲ್ಲ, ಸುಮ್ನೆ ಕೇಳಿದೆ."

ಆಕೆ ನಕ್ಕು ಮುಂದೆ ಹೋದರು. ನಾನು ಮೋರಿಯ ಕಟ್ಟೆಯ ಪಕ್ಕ, ಅಂದು ನಿಂತಿದ್ದ ಜಾಗದಲ್ಲೇ ನಿಂತೆ. ಈ ಸಲ ದಾರಿಯ ಕಡೆ ಮುಖ ಮಾಡಿ ನಿಂತೆ.

ಹಗ್ಗ ಈಗ ನನ್ನ ಹತ್ತಿರ ಇದೆ. ಬಿಚ್ಚಿದ ತುದಿಯನ್ನು ಅಪ್ಪ ಮತ್ತೆ ಹೊಸೆಯಲಿಲ್ಲ, ನಾನೂ ಹೊಸೆದಿಲ್ಲ. ಮಗಳನ್ನು ಉಳಿಸಲು ನೀನು ನಾಯಿ ಬಿಟ್ಟದ್ದು ಸರಿಯಾಯಿತು ಎಂದು ಅಪ್ಪನಿಗೆ ನಾನು ಒಂದೆರಡು ಸಲ ಹೇಳಿದ್ದೆ. ಅವನು ತಲೆಯಾಡಿಸುತ್ತಿದ್ದ. ಆ ಮಾತನ್ನು ಅವನು ಕೇಳಬೇಕಾಗಿದ್ದದ್ದು ಅವ್ವನ ಬಾಯಿಂದ. ಅದು ಅವನಿಗೆ ಸಿಗಲಿಲ್ಲ.